ನೋಟೀಸು ತಲುಪದ ಸದಸ್ಯನಿಗೆ ಓಟೆಲ್ಲಿ?



ಮಾರ್ಚ್ 31ಕ್ಕೆ ಲೆಕ್ಕ ಮುಗಿದು ಸೆಪ್ಟೆಂಬರಿನೊಳಗೆ ವಾರ್ಷಿಕ ಮಹಾಸಭೆ ಸೇರುವುದು ಸಹಕಾರ ಸಂಘಗಳ ಕ್ರಮ. ಅರ್ಧ ಎಕರೆ ಅಡಿಕೆ ತೋಟದವರಿಗೂ ಐವತ್ತು ಎಕರೆ ಕಾಫಿಯವರಿಗೂ ಅಲ್ಲಿ ಒಂದೇ ಓಟು. ಆದರೆ ನೋಟೀಸೇ ಕೈಸೇರದವರಿಗೆ ಆ ಓಟು ಇದ್ದೂ ಇಲ್ಲದಂತೆ. ಆದಕಾರಣ ಲಕೋಟೆಗೆ ವಿಳಾಸ ಬರೆಯುವುದು ಗುಮಾಸ್ತರ ಪಾಲಿನ ಚಿಲ್ಲರೆ ಕೆಲಸವಲ್ಲ, ಸದಸ್ಯರ ಹಕ್ಕಿಗೆ ಸಂಬಂಧಿಸಿದ ಕೆಲಸ ಎಂಬುದು ನಮ್ಮ ಅಭಿಪ್ರಾಯ.

ಹಿಂದೆ ಸಂಘಗಳು ನೋಟೀಸುಗಳನ್ನು ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್ ಮೇಲೆ ರವಾನಿಸಿ, ಅಂಚೆ ಮೊಹರು ಬಿದ್ದ ಪಟ್ಟಿಯನ್ನು ಕಡತದಲ್ಲಿಡುತ್ತಿದ್ದವು. 2011ರಲ್ಲಿ ಆ ಸೌಲಭ್ಯ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನೊಳಗೆ ವಿಲೀನವಾಯಿತು. ಅದೇ ಅಕ್ಟೋಬರ್ 1ರಂದು ಜಾರಿಯಾದ ದರದಂತೆ 50 ಗ್ರಾಮಿನೊಳಗಿನ ಸ್ಪೀಡ್ ಪೋಸ್ಟಿಗೆ ಸ್ಥಳೀಯವಾಗಿ 19 ರೂ., ಹೊರಗಿನ ಊರಿಗೆ 47 ರೂ., ಅದರ ಮೇಲೆ ಜಿಎಸ್‌ಟಿ. ಸಾದಾ ಲಕೋಟೆಗಾದರೆ 20 ಗ್ರಾಮಿಗೆ 5 ರೂ. ಐನೂರು ಹೊರಊರ ಸದಸ್ಯರಿಗೆ ಸಾದಾ ಅಂಚೆಯಲ್ಲಿ 2,500 ರೂ. ಆದರೆ, ಸ್ಪೀಡ್ ಪೋಸ್ಟಿನಲ್ಲಿ ತೆರಿಗೆ ಬಿಟ್ಟೇ 23,500 ರೂ. ಸಣ್ಣ ಸಂಘಗಳಿಗೆ ಸಾದಾ ಅಂಚೆಯೇ ಗತಿ. ಸಾದಾ ಅಂಚೆಗೆ ಸರಿಯಾದ ವಿಳಾಸವೊಂದೇ ಭರವಸೆ.

ತೋಟ ಮಲೆನಾಡಿನಲ್ಲಿದ್ದು ನೌಕರಿಗೋ ಮಕ್ಕಳ ಜೊತೆಗೋ ಬಯಲುಸೀಮೆಯಲ್ಲಿ ನೆಲೆಸಿದವರುಂಟು. ಅಂಥವರೊಬ್ಬರು ಕೋಲಾರ ಜಿಲ್ಲೆಯ ತಾಯಲೂರಿನಲ್ಲಿದ್ದಾರೆ ಎನ್ನೋಣ. "ತಾಯಲೂರು, ಕೋಲಾರ" ಎಂದಷ್ಟೇ ಬರೆದರೆ ಸಾಲದು. ಮುಳಬಾಗಿಲು ತಾಲ್ಲೂಕು ಎಂದೂ ಬೇಕು, ಪಿನ್‌ಕೋಡೂ ಬೇಕು. 1972ರ ಆಗಸ್ಟ್ 15ರಂದು ಬಂದ ಈ ಆರು ಅಂಕಿಗಳಲ್ಲಿ ಮೊದಲ ಮೂರು ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ಬಟವಾಡೆ ಅಂಚೆ ಕಚೇರಿಯನ್ನೂ ತಿಳಿಸುತ್ತವೆ. ಕೋಲಾರದ ಕಡೆಗೆ 563. ಗಡಿಯಾಚೆಯ ಚಿತ್ತೂರಿಗೆ 517. ಅಂಕಿ ತಪ್ಪಿದರೆ ಪತ್ರ ರಾಜ್ಯವನ್ನೇ ದಾಟಬಹುದು. ಹೊಸಹಳ್ಳಿಯಂಥ ಹೆಸರಿನ ಊರುಗಳು ಎಷ್ಟೋ ತಾಲ್ಲೂಕುಗಳಲ್ಲಿರುವುದರಿಂದ ಊರು, ಅಂಚೆ, ತಾಲ್ಲೂಕು, ಪಿನ್ ನಾಲ್ಕೂ ಇರಲೇಬೇಕು.

ಸಂಘಗಳು ಮಾಡಬೇಕಾದದ್ದು ಇಷ್ಟು. ನೋಟೀಸು, ಜಮಾಖರ್ಚು ತಃಖ್ತೆ ಎಲ್ಲ ಸೇರಿಸಿ ಒಂದು ಲಕೋಟೆಯನ್ನು ಮೊದಲು ತೂಗಿ ನೋಡಬೇಕು. 20 ಗ್ರಾಂ ದಾಟಿದರೆ ಇನ್ನೂ 5 ರೂ. ಬೀಳುತ್ತದೆ, ಒಂದು ಹಾಳೆ ಕಡಿಮೆ ಮಾಡಿದರೆ ಅದು ಉಳಿದೀತು. ಸಂಘದ ವಿಳಾಸವೂ ಲಕೋಟೆಯ ಮೇಲಿರಲಿ. ಬಟವಾಡೆಯಾಗದ ಪತ್ರ ಹಿಂದಿರುಗಿದರೆ ಯಾವ ವಿಳಾಸ ತಿದ್ದಬೇಕೆಂಬುದು ತಿಳಿಯುತ್ತದೆ. ಪಿನ್‌ಕೋಡಿನಂತೆ ವಿಂಗಡಿಸಿ, ವಿಳಾಸದ ಮುಖ ಒಂದೇ ಕಡೆ ಬರುವಂತೆ ಕಟ್ಟುಕಟ್ಟಿ, ಪೋಸ್ಟ್‌ಮಾಸ್ಟರರಿಗೆ ಮೊದಲೇ ತಿಳಿಸಿ, ಕೌಂಟರಿನಲ್ಲೇ ಒಪ್ಪಿಸಬೇಕು. ಕೆಂಪು ಡಬ್ಬಿಗೆ ತುರುಕುವುದು ಸಲ್ಲದು. ರವಾನೆ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು ಇಬ್ಬರು ನಿರ್ದೇಶಕರ ರುಜು ಹಾಕಿಸಬೇಕು.

ವಾಟ್ಸಾಪಿನಲ್ಲಿ ಹಾಕಿದರಾಯಿತು ಎನ್ನುವವರಿದ್ದಾರೆ. ನೆನಪಿಸಲು ಅದು ಒಳ್ಳೆಯದೇ. ಆದರೆ ಫೋನಿಲ್ಲದ ಹಿರಿಯರೂ ಸಿಗ್ನಲ್ಲಿಲ್ಲದ ಕಣಿವೆಯ ಮನೆಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಸಭೆಗೆ ಕರೆಯುವಾಗ ಅವರನ್ನು ಬಿಡುವುದು ನ್ಯಾಯವಲ್ಲ.

ಸದಸ್ಯರದೂ ಒಂದು ಹೊಣೆಯಿದೆ. ಮನೆ ಬದಲಿಸಿದವರು ಸಂಘಕ್ಕೆ ಬರೆದು ತಿಳಿಸಲಿ. ತೀರಿಕೊಂಡ ಹಿರಿಯರ ಹೆಸರಿನಲ್ಲೇ ಷೇರು ಉಳಿದಿದ್ದರೆ ವಾರಸುದಾರರು ವರ್ಗಾವಣೆಗೆ ಅರ್ಜಿ ಕೊಡಲಿ. ಅಡಿಕೆ ಕೊಯ್ಲು, ಕಾಫಿ ಹಣ್ಣಿನ ಗಡಿಬಿಡಿ ಶುರುವಾಗುವ ಮೊದಲೇ ಇದಿಷ್ಟು ಆಗಬೇಕೆಂದು ನಮ್ಮ ವಿನಂತಿ.