ಮಕ್ಕಳ ಸಮಾಜಪಾಠದಲ್ಲಿ ನಮ್ಮ ಊರೆಲ್ಲಿ?

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿರುವ ಸ್ನೇಹಿತರೊಬ್ಬರ ಮನೆಯಲ್ಲಿ ಮೂರನೆಯ ತರಗತಿಯ ಅವರ ಮಗಳು ಭಾರತದ ಎಲ್ಲ ರಾಜ್ಯಗಳ ರಾಜಧಾನಿಗಳನ್ನು ಒಂದೂ ತಪ್ಪದೆ ಒಪ್ಪಿಸಿದಳು. ತಂದೆಯ ಮುಖವರಳಿತು. ನಾವು ಕೇಳಿದೆವು: “ಮಗೂ, ಹರಿಹರದ ಸೇತುವೆ ದಾಟಿದರೆ ಯಾವ ಊರು?” ಹುಡುಗಿ ತಂದೆಯನ್ನು ನೋಡಿದಳು, ತಂದೆ ನಮ್ಮನ್ನು ನೋಡಿದರು. “ಅದು ನಮ್ಮ ಪುಸ್ತಕದಲ್ಲಿಲ್ಲ” ಎಂದಿತು ಮಗು.

ತಪ್ಪು ಮಗುವಿನದಲ್ಲ. ನಮ್ಮ ರಾಜ್ಯದ ಕಿರಿಯ ತರಗತಿಗಳಲ್ಲಿ ಸಮಾಜಪಾಠವು ವಿಜ್ಞಾನದೊಡನೆ ಬೆರೆತು ‘ಪರಿಸರ ಅಧ್ಯಯನ’ ಎಂಬ ಹೆಸರಿನಿಂದ ನಡೆಯುವದು. ಮಗುವಿನ ಮನೆ, ಓಣಿ, ಅನುಭವಗಳಿಂದಲೇ ಪಾಠವು ಹೊರಡಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಯಸಿತು. ಕಾಗದದ ಮೇಲೆ ಎಲ್ಲವೂ ಸರಿಯೇ! ತರಗತಿಯಲ್ಲಿ ಮಾತ್ರ ಮನೆಗಳ ವಿಧಗಳೆಷ್ಟು, ವಾಹನಗಳ ವಿಧಗಳೆಷ್ಟು ಎಂಬ ಉರುಹೊಡೆಯುವಿಕೆಯೇ ಉಳಿದಿರುವದು. ಇಂಗ್ಲಿಷ್ ಮಾಧ್ಯಮದ ಮಗುವಂತೂ ‘ನೈಬರ್‌ಹುಡ್’ ಎಂಬುದರ ಅಕ್ಷರಗಳನ್ನು ತಪ್ಪಿಲ್ಲದೆ ಬರೆಯುವದು; ನೆರೆಮನೆಯವರ ಕಸುಬೇನೆಂದು ಅದಕ್ಕೆ ತಿಳಿಯದು.

ಈ ಊರಿನ ಮಗುವಿಗೆ ಕಲಿಸಲು ಸಾಮಗ್ರಿ ಕಡಮೆಯೆ? ಸ್ವಾತಂತ್ರ್ಯಕ್ಕೆ ಮೊದಲು ತುಂಗಭದ್ರೆಯ ಈ ದಡದ ಹರಿಹರ ಮೈಸೂರು ಮಹಾರಾಜರದು. ಆ ದಡದ ರಾಣೆಬೆನ್ನೂರು ಸೀಮೆ ಮುಂಬಯಿ ಸರಕಾರದ ಧಾರವಾಡ ಜಿಲ್ಲೆಯದು. ಹರಪನಹಳ್ಳಿ ಮದರಾಸು ಸರಕಾರದ ಬಳ್ಳಾರಿ ಜಿಲ್ಲೆಯದು. ಎರಡು ದಿನದ ಗಾಡಿದಾರಿಯೊಳಗೆ ಮೂರು ಸರಕಾರ, ಮಾತು ಒಂದೇ! ಹೊಳೆಯಾಚೆಯಿಂದ ಸೊಸೆಯನ್ನು ತರುವದು, ಹೊಳೆಯಾಚೆಗೆ ಮಗಳನ್ನು ಕೊಡುವದು ಆಗಲೂ ನಿಂತಿರಲಿಲ್ಲ. ಗಡಿ ಕಚೇರಿಯ ಕಾಗದದಲ್ಲಿತ್ತು, ಬೀಗರ ನಡುವೆ ಇರಲಿಲ್ಲ. 1946ರಲ್ಲಿ ಅಖಿಲ ಕರ್ನಾಟಕದ ಸಮ್ಮೇಳನವು ಇದೇ ದಾವಣಗೆರೆಯಲ್ಲಿ ಕೂಡಿತು. ಮುಂಬಯಿ ಸರಕಾರದ ಕಂದಾಯ ಮಂತ್ರಿಗಳಾಗಿದ್ದ ಎಂ.ಪಿ. ಪಾಟೀಲರು ಅಧ್ಯಕ್ಷತೆ ವಹಿಸಿದರು. ಆ ದಡದ ಸರಕಾರದ ಮಂತ್ರಿಯೊಬ್ಬರು ಈ ದಡದ ಊರಿಗೆ ಬಂದು, ನಡುವಿನ ಗಡಿಯನ್ನು ಅಳಿಸಬೇಕೆನ್ನುವ ಸಭೆಯಲ್ಲಿ ಕುಳಿತದ್ದು ಸಣ್ಣ ಸಂಗತಿಯೆ? ಅದು ನಡೆದ ಊರಿನ ಶಾಲೆಗಳಲ್ಲಿ ಎಷ್ಟು ಮಕ್ಕಳು ಇದನ್ನು ಕೇಳಿರುವರು?

1953ರಲ್ಲಿ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ಎರಡೂ ದಡಗಳು ಒಂದೇ ರಾಜ್ಯವಾದವು. ಆ ದಿನದಂದು ಪ್ರತಿವರ್ಷವೂ ಮಕ್ಕಳ ಕೊರಳಿಗೆ ಅರಿಶಿನ ಕುಂಕುಮ ಬಣ್ಣದ ವಸ್ತ್ರ ಹಾಕಿ ತಾರೀಖನ್ನು ಹೇಳಿಸುವೆವು. ಯಾವುದರೊಡನೆ ಯಾವುದು ಕೂಡಿತು ಎಂದು ಕೇಳಿದರೆ ಮಕ್ಕಳು ಸುಮ್ಮನಾಗುವರು. ಸತ್ಯ ಹೇಳುವದಾದರೆ, ಹಲವೆಡೆ ಗುರುಗಳೂ.

ಏಳು ವರ್ಷದ ಕೂಸಿಗೆ ಪ್ರಾಂತ ವಿಂಗಡಣೆಯ ಚರಿತ್ರೆ ಯಾತಕ್ಕೆಂದು ಕೆಲವರು ಕೇಳಬಹುದು. ಬೇಡ, ಒಪ್ಪಿದೆವು. ಆಯೋಗಗಳ ಹೆಸರುಗಳನ್ನು ಅದರ ತಲೆಗೆ ತುಂಬಬೇಡಿರಿ. ಅಜ್ಜಿಯ ತವರು ಯಾವ ದಡದಲ್ಲಿತ್ತೆಂದು ಕೇಳಿಕೊಂಡು ಬರಲು ಹೇಳಿರಿ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂದು 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತಷ್ಟೆ. ಹೊಳೆ ಮಾತ್ರ ಇದ್ದಲ್ಲೇ ಇದೆ. ಗಡಿಯನ್ನು ಎಳೆದವರೂ ಮನುಷ್ಯರು, ಅಳಿಸಿದವರೂ ಮನುಷ್ಯರು ಎಂಬುದು ಆ ಮಗುವಿಗೆ ಇಷ್ಟರಿಂದಲೇ ಹೊಳೆಯುವದು. ಇದರಿಂದ ಮಗುವಿನ ದೃಷ್ಟಿ ಸಂಕುಚಿತವಾಗುವದೆಂಬ ಆಕ್ಷೇಪಣೆಯೂ ಉಂಟು. ನಮಗೆ ತೋರುವದು ಇದಕ್ಕೆ ವಿರುದ್ಧ. ತನ್ನ ಹೊಳೆಯ ಎರಡು ದಡಗಳ ಕಥೆಯನ್ನು ಬಲ್ಲ ಮಗುವಿಗೆ, ಅದೇ 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಇಂದಿಗೂ ಕನ್ನಡ ಓದುವ ತನ್ನ ಸರೀಕರ ಪಾಡು ನಾಳೆ ತಾನಾಗಿ ತಿಳಿಯುವದು. ರಾಜಧಾನಿಗಳ ಪಟ್ಟಿಯಿಂದ ಅದು ತಿಳಿಯದು.

ಉಪಾಧ್ಯಾಯ ಬಂಧುಗಳೇ, ಇದಕ್ಕೆ ಇಲಾಖೆಯ ಹೊಸ ಸುತ್ತೋಲೆ ಬೇಕಾಗಿಲ್ಲ. ದಾವಣಗೆರೆಯಿಂದ ಹರಿಹರಕ್ಕೆ ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ಬುತ್ತಿ ಕಟ್ಟಿಸಿಕೊಂಡು ಒಂದು ಮುಂಜಾನೆ ಮಕ್ಕಳನ್ನು ಕರೆದೊಯ್ಯಿರಿ. ಹರಿಹರೇಶ್ವರನ ಗುಡಿ ನೋಡಿ, ಸೇತುವೆ ದಾಟಿ, ಆಚೆಯ ಕುಮಾರಪಟ್ಟಣದಲ್ಲಿ ಬುತ್ತಿ ಬಿಚ್ಚಿಸಿರಿ. ಅಲ್ಲಿಂದ ಈ ದಡವನ್ನು ತೋರಿಸಿ, ಒಂದು ಕಾಲಕ್ಕೆ ನಾವು ಕುಳಿತ ಈ ಜಾಗ ಬೇರೆ ಸರಕಾರದ್ದಾಗಿತ್ತೆಂದು ಹೇಳಿರಿ. ಪ್ರಶ್ನೆಗಳನ್ನು ಅವರೇ ಕೇಳುವರು.