ಉಪಗ್ರಹದ ಚಿಪ್‌ಗೆ ಸೆರಾಮಿಕ್ ಕವಚವೇ ಆಗಬೇಕೆ?

ಚೆನ್ನೈನ ಕ್ರೋಂಪೇಟೆಗೆ ಆ ಹೆಸರು ಬಂದದ್ದು ಕ್ರೋಮ್ ಲೆದರ್ ಎಂಬ ಚರ್ಮದ ಕಾರ್ಖಾನೆಯಿಂದ. ದೇಶಕ್ಕೆಲ್ಲ ಅದು ಗೊತ್ತಾದದ್ದು ಅಬ್ದುಲ್ ಕಲಾಂ ವಿಮಾನಶಾಸ್ತ್ರ ಓದಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಿಂದ. ಅಣ್ಣಾ ವಿಶ್ವವಿದ್ಯಾಲಯದ 40 ಕಿಲೋ ತೂಕದ ಅನುಸ್ಯಾಟ್ ರೂಪುಗೊಂಡದ್ದು ಅದೇ ಆವರಣದಲ್ಲಿ. 2009ರ ಏಪ್ರಿಲ್ 20ರಂದು ಪಿಎಸ್‌ಎಲ್‌ವಿ-ಸಿ12 ಅದನ್ನು ಕಕ್ಷೆಗೆ ಸೇರಿಸಿತು. ಮರುವರ್ಷ ಬೆಂಗಳೂರು, ಹೈದರಾಬಾದಿನ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗೂ ಕಡಿಮೆ ತೂಕದ ಸ್ಟಡ್‌ಸ್ಯಾಟ್ ಹಾರಿತು. ಇಂಥ ಕಾಲೇಜು ಉಪಗ್ರಹಗಳ ಎದೆಯಲ್ಲಿರುವ ಪ್ರೋಗ್ರಾಮಬಲ್ ಚಿಪ್‌ಗೆ ಸೆರಾಮಿಕ್ ಕವಚವನ್ನು ಕಡ್ಡಾಯ ಮಾಡಬೇಕೆ? ಬೇಕು, ಬೇಡ ಎಂಬ ಎರಡು ವಾದಗಳಲ್ಲಿ ನನ್ನ ಒಲವು ಎರಡನೆಯದರ ಕಡೆಗಿದೆ. ಆದರೆ ಮೊದಲನೆಯದನ್ನು ಹಗುರವಾಗಿ ತಳ್ಳಿಹಾಕಲಾಗದು.

ಪರ: ಕಡ್ಡಾಯವಾಗಲಿ

ಚಿಪ್‌ನ ಮೊದಲ ಶತ್ರು ಇರುವುದು ನೆಲದ ಮೇಲೆಯೇ. ಕ್ರೋಂಪೇಟೆ ಕಡಲಿಗೆ ದೂರವಲ್ಲ. ಹಿಂಗಾರು ಹಿಡಿದರೆ ಗಾಳಿಯೆಲ್ಲ ತೇವ. ರಾಕೆಟ್ ಏರುವ ಶ್ರೀಹರಿಕೋಟವಂತೂ ಕಡಲಂಚಿನ ದ್ವೀಪ. ಮಾಮೂಲಿ ಚಿಪ್‌ನ ಕಪ್ಪು ಎಪಾಕ್ಸಿ ಪ್ಲಾಸ್ಟಿಕ್ ಈ ತೇವವನ್ನು ಹೀರಿಕೊಳ್ಳುತ್ತದೆ. ಬೆಸುಗೆ ಹಾಕುವಾಗ ಶಾಖ 220 ಡಿಗ್ರಿ ದಾಟಿದರೆ ಒಳಗಿನ ನೀರು ಆವಿಯಾಗಿ ಕವಚವನ್ನೇ ಸೀಳುತ್ತದೆ. ಎಷ್ಟೋ ಸಲ ಬಿರುಕು ಹೊರಗೆ ಕಾಣುವುದೇ ಇಲ್ಲ. ಪ್ರಯೋಗಾಲಯದಲ್ಲಿ ಸರಿಯಾಗಿ ಓಡಿದ ಚಿಪ್ ಕಕ್ಷೆಯಲ್ಲಿ ಕೈಕೊಡುತ್ತದೆ.

ಸೆರಾಮಿಕ್ ಕವಚದೊಳಗೆ ಒಣ ಸಾರಜನಕವಿರುತ್ತದೆ, ಮೇಲೆ ಬಿಗಿಯಾದ ಲೋಹದ ಮುಚ್ಚಳ. ಹೀಲಿಯಂ ಹಾಯಿಸಿ ಸೋರಿಕೆ ಹುಡುಕುತ್ತಾರೆ. ಒಳಗಿನ ನೀರಾವಿ ಹತ್ತು ಲಕ್ಷಕ್ಕೆ 5,000 ಭಾಗ ಮೀರಬಾರದು ಎನ್ನುತ್ತದೆ ಅಮೆರಿಕದ ಸೇನಾ ಮಾನದಂಡ. ಹೀಗೆ ಅಳೆದು ಕೊಡುವ ಭರವಸೆ ಪ್ಲಾಸ್ಟಿಕ್‌ಗಿಲ್ಲ. ಕೆಳಕಕ್ಷೆಯಲ್ಲಿ ದಿನಕ್ಕೆ ಸುಮಾರು 15 ಸುತ್ತು, ಪ್ರತಿ ಸುತ್ತಿನಲ್ಲೂ ಬಿಸಿಲು ಮತ್ತು ಕತ್ತಲು. ಎರಡು ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸಲ ಹಿಗ್ಗಿ ಕುಗ್ಗಬೇಕಾದ ವಸ್ತುವನ್ನು ರಿಪೇರಿ ಮಾಡಲು ಯಾರೂ ಹೋಗಲಾರರು. 2025ರ ಮಾರ್ಚ್‌ನಲ್ಲಿ ಇಸ್ರೊಗೆ ಒಪ್ಪಿಸಿದ ವಿಕ್ರಮ್ 3201 ಚಿಪ್ ತಯಾರಾದದ್ದು ಚಂಡೀಗಢದ ಪಕ್ಕದ ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ. ಬಾಹ್ಯಾಕಾಶಕ್ಕೆ ಚಿಪ್ ಮಾಡುವ ಕೌಶಲ ದೇಶದಲ್ಲೇ ಇರುವಾಗ ವಿದ್ಯಾರ್ಥಿಗಳು ಕಟ್ಟುನಿಟ್ಟಾದ ದಾರಿಯನ್ನೇ ಕಲಿಯಲಿ.

ವಿರೋಧ: ಕಡ್ಡಾಯ ಬೇಡ

ಕವಚ ನೀರನ್ನು ತಡೆಯುತ್ತದೆ, ನಿಜ. ವಿಕಿರಣವನ್ನು ತಡೆಯುವುದಿಲ್ಲ. ಪ್ರೋಗ್ರಾಮಬಲ್ ಚಿಪ್‌ಗೆ ದೊಡ್ಡ ಗಂಡಾಂತರ ಅದೇ. ಎಫ್‌ಪಿಜಿಎ ಎಂದು ಕರೆಯುವ ಇಂಥ ಚಿಪ್‌ಗಳಲ್ಲಿ ಬಹಳಷ್ಟರಲ್ಲಿ ಸರ್ಕ್ಯೂಟಿನ ನಕ್ಷೆಯೇ ಮೆಮೊರಿ ಕೋಶಗಳಲ್ಲಿ ಬರೆದಿರುತ್ತದೆ. ಕಾಸ್ಮಿಕ್ ಕಣವೊಂದು ತಾಗಿ ಒಂದು ಕೋಶದ ಸೊನ್ನೆ ಒಂದಾದರೆ ಲೆಕ್ಕ ತಪ್ಪುವುದಷ್ಟೇ ಅಲ್ಲ, ಸರ್ಕ್ಯೂಟೇ ಬೇರೆಯಾಗಿಬಿಡುತ್ತದೆ. ಅಂಥ ಕಣಕ್ಕೆ ಒಂದೆರಡು ಮಿಲಿಮೀಟರ್ ಸೆರಾಮಿಕ್ ಯಾವ ಲೆಕ್ಕ? ಇಂಟೆಲ್‌ನ ಟಿಮೊಥಿ ಮೇ ಮತ್ತು ಮರೆ ವುಡ್ಸ್ 1978ರಲ್ಲಿ ತೋರಿಸಿಕೊಟ್ಟದ್ದು ಇನ್ನೂ ಕಟುವಾದ ಸತ್ಯ: ಮೆಮೊರಿ ಚಿಪ್‌ಗಳು ತಪ್ಪುತ್ತಿದ್ದುದು ಕವಚದ ಸಾಮಗ್ರಿಯಲ್ಲೇ ಬೆರೆತಿದ್ದ ಅತ್ಯಲ್ಪ ಯುರೇನಿಯಂ, ಥೋರಿಯಂ ಹೊರಸೂಸಿದ ಆಲ್ಫಾ ಕಣಗಳಿಂದ.

ಸೆರಾಮಿಕ್‌ನದೇ ತೊಡಕೂ ಇದೆ. ಬಿಸಿಯೇರಿದಾಗ ಅದು ಹಿಗ್ಗುವುದರ ಎರಡು ಪಟ್ಟು ಅದರ ಕೆಳಗಿನ ಬೋರ್ಡ್ ಹಿಗ್ಗುತ್ತದೆ. ಎಳೆದಾಟದಲ್ಲಿ ಬೆಸುಗೆ ಸೀಳುತ್ತದೆ. ಅದಕ್ಕೆಂದೇ ವರ್ಟೆಕ್ಸ್-5ಕ್ಯೂವಿ ಎಂಬ ಬಾಹ್ಯಾಕಾಶದ ಎಫ್‌ಪಿಜಿಎಯನ್ನು 1,752 ಬೆಸುಗೆ ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ಅದನ್ನು ಬೋರ್ಡಿಗೆ ಕೂರಿಸುವ ಸಲಕರಣೆ ನಮ್ಮ ಎಷ್ಟು ಕಾಲೇಜುಗಳಲ್ಲಿದೆ?

ಮಂಗಳದ ಇಂಜೆನ್ಯುಯಿಟಿ ಹೆಲಿಕಾಪ್ಟರ್ ನೋಡಿ. ಅದರ ಮುಖ್ಯ ಪ್ರೊಸೆಸರ್ ಸ್ಮಾರ್ಟ್‌ಫೋನಿನ ಸ್ನ್ಯಾಪ್‌ಡ್ರ್ಯಾಗನ್ 801. ಹಾರಾಟ ನಿಯಂತ್ರಿಸುವ ಎರಡು ಮೈಕ್ರೊಕಂಟ್ರೋಲರ್‌ಗಳೂ ವಾಹನೋದ್ಯಮದ ದರ್ಜೆಯವು. ಒಂದು ತಪ್ಪಿದರೆ ಇನ್ನೊಂದಕ್ಕೆ ದಾಟಿಸಲು ಎಫ್‌ಪಿಜಿಎಯೊಂದು ಕಾವಲು. ಐದು ಹಾರಾಟಕ್ಕೆಂದು ಹೋದದ್ದು 2021ರ ಏಪ್ರಿಲ್‌ನಿಂದ 2024ರ ಜನವರಿವರೆಗೆ 72 ಸಲ ಹಾರಿತು. ಅದನ್ನು ಕಾಪಾಡಿದ್ದು ಯಾವುದೋ ಒಂದು ದುಬಾರಿ ಕವಚವಲ್ಲ. ತಪ್ಪು ಆಗಿಯೇ ಆಗುತ್ತದೆಂದು ಮೊದಲೇ ಒಪ್ಪಿಕೊಂಡು ಮಾಡಿದ ವಿನ್ಯಾಸ. ಒಂದೇ ಲೆಕ್ಕವನ್ನು ಮೂರು ಕಡೆ ಮಾಡಿಸಿ ಬಹುಮತ ಕೇಳುವುದು, ನಕ್ಷೆಯನ್ನು ಆಗಾಗ ಹೊಸದಾಗಿ ಬರೆಯುವುದು, ಚಿಪ್ ಸ್ತಬ್ಧವಾದರೆ ತಾನೇ ಮರುಚಾಲನೆಗೊಳ್ಳುವಂತೆ ಮಾಡುವುದು: ಇವನ್ನೆಲ್ಲ ವಿದ್ಯಾರ್ಥಿ ತನ್ನ ಕೈಯಾರೆ ಮಾಡಬಲ್ಲ. ಎಂಜಿನಿಯರಿಂಗ್ ಕಲಿಯುವುದು ಅಲ್ಲೇ.

ಹದಿನೈದು ವರ್ಷ ದುಡಿಯಬೇಕಾದ ಸಂವಹನ ಉಪಗ್ರಹಕ್ಕೆ, ರಾಕೆಟ್‌ನ ದಿಕ್ಕು ನಿರ್ಧರಿಸುವ ಕಂಪ್ಯೂಟರಿಗೆ ಸೆರಾಮಿಕ್ ಇರಲಿ. ಒಂದೆರಡು ವರ್ಷದ ಕಾಲೇಜು ಉಪಗ್ರಹಕ್ಕೆ ಕಡ್ಡಾಯ ಮಾಡಬೇಕಾದವು ಬೇರೆ. ಪ್ಲಾಸ್ಟಿಕ್ ಚಿಪ್‌ಗಳು ತೇವಹೀರುಕ ಇಟ್ಟು ಮುಚ್ಚಿದ ಚೀಲದಲ್ಲೇ ಇರಬೇಕು. ಚೀಲ ಬಿಚ್ಚಿದ ಹೊತ್ತನ್ನು ಅದರ ಮೇಲೆಯೇ ಬರೆದಿಡಬೇಕು. ಚೀಲದ ಹೊರಗೆ ಇರಬಹುದಾದ ಗಡುವು ಮೀರಿದರೆ ಬೆಸುಗೆಗೆ ಮುಂಚೆ 125 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸಬೇಕು. ಪೂರ್ತಿ ಬೋರ್ಡನ್ನು ನಿರ್ವಾತದ ಕೋಣೆಯಲ್ಲಿಟ್ಟು ಬಿಸಿ-ತಣ್ಣನೆಯ ಸುತ್ತುಗಳಿಗೆ ಒಡ್ಡಬೇಕು. ಈ ಕೋಣೆ ಎಲ್ಲ ಕಾಲೇಜುಗಳಿಗೂ ಎಟುಕುವಂತೆ ಮಾಡುವುದು ಇಸ್ರೊ ಮತ್ತು ಸರ್ಕಾರದ ಹೊಣೆ.