ಬೈದ ಮ್ಯಾಲೆ ಊಟಕ್ಕೂ ಕರೀಬೇಕು

ಹ್ವಾದ ವಾರ ನಮ್ಮ ಓಣ್ಯಾಗ ಒಂದು ಗದ್ದಲಾ ಆತು. ರಾತ್ರಿ ಮಂದಿ ಗಾಡಿಯೊಳಗಿನ ಪೆಟ್ರೋಲ್ ತಗೀಲಿಕ್ಕೆ ಬಂದಿದ್ದ ಮೂರು ಹುಡುಗರೊಳಗ ದೊಡ್ಡವರಿಬ್ಬರು ಓಡಿ ಹೋದ್ರು. ಹದಿನೈದು ವರ್ಷದಾಂವ ಒಬ್ಬ ಕೈಯಾಗ ಪೈಪ್ ಹಿಡಕೊಂಡು ಸಿಕ್ಕಬಿದ್ದ. ಮರುದಿವಸ ಮಧ್ಯಾಹ್ನ ನಮ್ಮ ಕಟ್ಟಿ ಮ್ಯಾಲೆ ಶೇಂಗಾ ಸುಲಕೋತ ಕೂತಾಗ ಎಲ್ಲಾರದೂ ಒಂದ ಮಾತು. "ಇಂಥಾವರನ್ನ ಒಳಗ ಹಾಕಬೇಕು ವೈನಿ. ಬ್ಯಾರೆ ದೇಶದಾಗ ಆಗಿದ್ರ ಗೊತ್ತಾಗತಿತ್ತು!"

ಬ್ಯಾರೆ ದೇಶದಾಗ ಏನ ಮಾಡತಾರ ಅಂತ ನನ್ನ ತಲ್ಯಾಗೂ ಹುಳಾ ಹೊಕ್ಕತು. ನಾಕ ದಿವಸ ಕೂತು ಓದಿದೆ. ಓದಿದ್ದನ್ನ ನಿಮಗೂ ಹೇಳತೇನಿ.

ಎಲ್ ಸಾಲ್ವಡೋರ್ ಅಂತ ಒಂದು ಸಣ್ಣ ದೇಶ ಅದ. 1980ರಿಂದ 1992ರ ತನಕಾ ಅಲ್ಲೆ ಅಂತರ್ಯುದ್ಧ ನಡೀತು. ಜೀವಾ ಉಳಿಸಿಕೊಳ್ಳಲಿಕ್ಕೆ ಅಮೆರಿಕಾದ ಲಾಸ್ ಏಂಜಲಿಸ್‌ಗೆ ಓಡಿ ಹೋದವರ ಮಕ್ಕಳು ಅಲ್ಲಿಯ ಓಣಿಯೊಳಗ ತಮಗ ಯಾರೂ ಇಲ್ಲಾ ಅಂತ ಗ್ಯಾಂಗ್ ಸೇರಿದ್ರು. ಮುಂದ 1990ರ ದಶಕದಾಗ ಅಮೆರಿಕಾ ಅವರನ್ನ ಹಿಡಿದು ವಾಪಸ್ ಕಳಿಸಿತು. ಅವರ ಜೋಡಿ ಗ್ಯಾಂಗೂ ಊರಿಗೆ ಬಂತು. 2022ರ ಮಾರ್ಚ್ ತಿಂಗಳದಾಗ ಒಂದ ದಿವಸಕ್ಕ 62 ಮಂದಿ ಕೊಲಿ ಆದ್ರು. ಸರ್ಕಾರ ತುರ್ತು ಪರಿಸ್ಥಿತಿ ಹೇರಿ 80,000ಕ್ಕೂ ಹೆಚ್ಚು ಮಂದೀನ ಒಳಗ ಹಾಕಿತು, 40,000 ಮಂದಿ ಹಿಡಿಯೋ ಜೇಲು ಕಟ್ಟಿಸಿತು. ಹನ್ನೆರಡು ವರ್ಷದ ಹುಡುಗಗೂ ಗ್ಯಾಂಗಿನ ಕೇಸಿನ್ಯಾಗ ಹತ್ತು ವರ್ಷದ ತನಕಾ ಶಿಕ್ಷೆ ಅಂತ ಕಾನೂನು ಬಂತು.

ಕೊಲಿ ಕಡಿಮಿ ಆದವೇನು ಅಂದ್ರ, ಆದವು. ಭಾಳ ಕಡಿಮಿ ಆದವು. ಅದನ್ನ ಮುಚ್ಚಿಡಬಾರದು. ಸಂಜಿಮುಂದ ಹೊರಗ ಹೆಜ್ಜಿ ಇಡಲಿಕ್ಕೆ ಅಂಜತಿದ್ದ ಹೆಣ್ಮಕ್ಕಳು ಈಗ ಅಡ್ಡಾಡತಾರ. ಆದ್ರ ತಪ್ಪಿಲ್ಲದವರೂ ಅದರಾಗ ಸಿಕ್ಕೊಂಡ್ರು. ಸರ್ಕಾರನ ಆಮ್ಯಾಲೆ ಸಾವಿರಾರು ಮಂದೀನ ಬಿಟ್ಟು ಕಳಿಸಬೇಕಾತು. ಮಗಾ ಎಲ್ಲಿದ್ದಾನಂತ ಸುದ್ದಿ ಸಿಗದ ಜೇಲಿನ ಬಾಗಲಾ ಕಾದ ತಾಯಂದಿರ ಲೆಕ್ಕಾ ಇಟ್ಟವರು ಯಾರು?

ಹಂಗಾದ್ರ ಮಕ್ಕಳಂತ ಮೆತ್ತಗ ಬಿಟ್ಟುಬಿಡೋಣೇನು? ಅದರ ಉತ್ತರಾ ಸ್ವೀಡನ್ ದೇಶದಾಗ ಅದ. ಅಲ್ಲೆ ಹದಿನೈದರ ಒಳಗಿನವರಿಗೆ ಕೋರ್ಟು ಶಿಕ್ಷೆ ಕೊಡತಿರಲಿಲ್ಲಾ. ಕಾನೂನು ಮಾಡಿದವರ ಮನಸ್ಸು ಒಳ್ಳೇದ ಇತ್ತು. ಆದ್ರ ಗ್ಯಾಂಗಿನ ದೊಡ್ಡವರು ಅದನ್ನ ಹಿಡಕೊಂಡು ಹದಿಮೂರು ಹದಿನಾಕು ವರ್ಷದ ಹುಡುಗರಿಗೆ ಮೊಬೈಲಿನ್ಯಾಗನ ರೊಕ್ಕದ ಆಸೆ ತೋರಿಸಿ ಬಂದೂಕು ಕೈಯಾಗ ಕೊಡಲಿಕ್ಕೆ ಹತ್ತಿದ್ರು. ನಮ್ಮ ಓಣ್ಯಾಗ ಪೈಪ್ ಕೊಟ್ಟವರು ದೊಡ್ಡವರು, ಸಿಕ್ಕಾಂವ ಸಣ್ಣಾಂವ. ಲೆಕ್ಕಾ ಒಂದ, ಊರು ಬ್ಯಾರೆ.

ನನಗ ಹಿಡಿಸಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಕಥಿ. ಒಂದು ಕಾಲಕ್ಕ ಅಲ್ಲಿ ಹುಡುಗರು ಕಿಸೆದಾಗ ಚಾಕು ಇಟ್ಟುಕೊಂಡು ಓಣಿ ಓಣಿ ಬಡಿದಾಡತಿದ್ರು. 2005ರಾಗ ಅಲ್ಲಿಯ ಪೊಲೀಸರು ಇದನ್ನ ಬರೇ ಕಳುವು ಬಡಿದಾಟ ಅನ್ನದ ಒಂದು ರೋಗ ಅಂತ ನೋಡಲಿಕ್ಕೆ ಒಂದು ವಿಭಾಗಾನ ಮಾಡಿದ್ರು. 2008ರಾಗ ಗ್ಯಾಂಗಿನ ಹುಡುಗರನ್ನ ಕೋರ್ಟಿಗೆ ಕರೆದು ಕೂಡಿಸಿದ್ರು. ಪೊಲೀಸರು "ನೀವು ಯಾರಂತ ನಮಗ ಗೊತ್ತದ, ಬಿಡದಿದ್ರ ಬಿಡೂದಿಲ್ಲಾ" ಅಂತ ಸಾಫ್ ಹೇಳಿದ್ರು. ಗಾಯಕ್ಕ ಹೊಲಿಗಿ ಹಾಕೋ ಡಾಕ್ಟರು ತಾವು ಕಂಡಿದ್ದು ಹೇಳಿದ್ರು. ತನ್ನ ಮಗನ ಗತಿ ಕಂಡ ಒಬ್ಬ ತಾಯಿನೂ ಎದ್ದು ನಿಂತು ಮಾತಾಡಿದ್ಲು. ಕಡೀಕ, ಬಿಡತೇನಿ ಅನ್ನಾವರಿಗೆ ಒಂದು ಫೋನ್ ನಂಬರ್ ಕೊಟ್ಟು, ಓದಲಿಕ್ಕೆ, ಕೆಲಸಾ ಹುಡುಕಲಿಕ್ಕೆ ಸಹಾಯ ಮಾಡತೇವಂದ್ರು. ಮುಂದಿನ ವರ್ಷಗಳಾಗ ಆ ಊರಾಗ ಚಾಕುವಿನ ಗಾಯಾ, ಕೊಲಿ ಎರಡೂ ಇಳದವು.

ಇದು ನಮಗೇನು ಹೊಸಾದು? ನಮ್ಮವ್ವನೂ ಹಿಂಗ ಮಾಡತಿದ್ಲು. ತಪ್ಪು ಮಾಡಿದ್ರ ಮೈ ನೀರಿಳಿಯೋಹಂಗ ಬೈಯಾಕಿ, ಅರ್ಧಾ ತಾಸಿನ ಮ್ಯಾಲೆ "ಬಾ, ಉಣ್ಣು" ಅಂತ ಕರ್ಯಾಕಿ. ಬರೇ ಬೈದ್ರ ಹುಡುಗ ಮನಿ ಬಿಡತಾನ, ಬರೇ ಉಣಿಸಿದ್ರ ತಲಿ ಮ್ಯಾಲೆ ಕೂಡತಾನ.

ನಮ್ಮ ಕಾನೂನಿನ್ಯಾಗೂ ಎರಡೂ ಅವ. 2015ರ ಕಾಯ್ದೆ ಪ್ರಕಾರ ಹದಿನಾರರಿಂದ ಹದಿನೆಂಟರ ಒಳಗಿನವರು ಘೋರ ಅಪರಾಧ ಮಾಡಿದ್ರ ದೊಡ್ಡವರಂಗ ವಿಚಾರಣೆ ಆಗಬಹುದು. ಸಣ್ಣ ತಪ್ಪಿಗೆ ಬಾಲ ನ್ಯಾಯ ಮಂಡಳಿ ಬುದ್ಧಿ ಹೇಳಿ, ತಾಯಿ ತಂದಿಗೂ ತಿಳಿಸಿ ಹೇಳಿ ಮನಿಗೆ ಕಳಿಸಬಹುದು. ಆ ಮಂಡಳಿಯೊಳಗ ಮ್ಯಾಜಿಸ್ಟ್ರೇಟರ ಜೋಡಿ ಇಬ್ಬರು ಸಮಾಜಸೇವಕರು ಇರತಾರ, ಅವರಾಗ ಒಬ್ಬಾಕಿ ಹೆಣ್ಮಗಳು ಇರಲೇಬೇಕು. ಮಕ್ಕಳನ್ನ ಕಳುವಿಗೆ ಬಳಸಿಕೊಂಡ ದೊಡ್ಡವರಿಗೆ ಏಳು ವರ್ಷದ ತನಕಾ ಶಿಕ್ಷೆ, ಐದು ಲಕ್ಷ ದಂಡಾ ಅದ. ನಾವು ಕಟ್ಟಿ ಮ್ಯಾಲೆ ಕೂತು ಸಣ್ಣಾವನ್ನ ಬೈದ್ವಿ. ಓಡಿ ಹೋದವರ ಹೆಸರು ಒಬ್ಬರೂ ಎತ್ತಲಿಲ್ಲಾ.

ಇನ್ನ ನಂದೊಂದು ತಪ್ಪು ಹೇಳಬೇಕು. ಆ ಹುಡುಗ ಎರಡು ವರ್ಷದ ಹಿಂದ ನನ್ನ ಮಗನ ಜೋಡಿ ನಮ್ಮ ಅಂಗಳದಾಗ ಆಡತಿದ್ದ, ನನ್ನ ಕೈಯಾಗಿನ ರೊಟ್ಟಿ ತಿಂದಾನ. ಅವನ ಅಪ್ಪ ಮನಿ ಬಿಟ್ಟು ಹೋದ, ಅವ್ವ ನಾಕ ಮನಿ ಕೆಲಸಾ ಹಿಡದ್ಲು, ಅಂವ ಸಾಲಿ ತಪ್ಪಸಲಿಕ್ಕೆ ಹತ್ತಿದ. ಆವಾಗ ನಾನ ಮಗಗ "ಅವನ್ನ ಮನಿಗೆ ಕರಕೊಂಡು ಬರಬ್ಯಾಡ" ಅಂದೆ. ಮುಂದ ಅವನ್ನ ಕರೆದವರು ಪಾನ್ ಅಂಗಡಿ ಮುಂದ ನಿಲ್ಲೋ ಆ ಇಬ್ಬರು.

ನಿನ್ನೆ ಸಂಜಿಮುಂದ ನಾನು ಅವರ ಮನಿಗೆ ಹೋಗಿದ್ದೆ. ಹುಡುಗಗ ಅವನ ಅವ್ವನ ಮುಂದನ ಚೊಲೋತಂಗ ಬೈದೆ. ತಲಿ ತಗ್ಗಿಸಿ ನಿಂತಿದ್ದ. ಬರುವಾಗ "ಐತವಾರ ಊಟಕ್ಕ ಬಾ, ಪುಸ್ತಕಾ ತೊಗೊಂಡು ಬಾ" ಅಂದೆ. ಬರತಾನೋ ಇಲ್ಲೋ ಗೊತ್ತಿಲ್ಲಾ. ನಾಕು ರೊಟ್ಟಿ ಹೆಚ್ಚಿಗೆ ಬಡೀತೇನಿ.